ಖರೀದಿ ಕೇಂದ್ರ ಎಲ್ಲಿರಬೇಕು? ಭೂಪಟವನ್ನೂ ಕೇಳೋಣ



ಹೊಸ ಖರೀದಿ ಕೇಂದ್ರವನ್ನು ಎಲ್ಲಿ ತೆರೆಯಬೇಕೆಂಬ ಪ್ರಶ್ನೆ ಬೆಳೆಗಾರರ ಯಾವ ಸಂಘದ ಸಭೆಗೆ ಬಂದರೂ ಚರ್ಚೆ ಸಾಗುವ ದಾರಿ ಒಂದೇ. ಹೆದ್ದಾರಿಯ ಬದಿಯಲ್ಲಿದ್ದರೆ ಲಾರಿಗೆ ಅನುಕೂಲ ಎಂದು ಒಬ್ಬರು, ತಮ್ಮ ಊರಿನಲ್ಲಿ ಖಾಲಿ ಕಟ್ಟಡವೊಂದು ಕಡಿಮೆ ಬಾಡಿಗೆಗೆ ಇದೆ ಎಂದು ಇನ್ನೊಬ್ಬರು, ಪೇಟೆಯಲ್ಲಿದ್ದರೆ ಬ್ಯಾಂಕು ಹತ್ತಿರ ಎಂದು ಮತ್ತೊಬ್ಬರು. ಎಲ್ಲರ ಮಾತಿನಲ್ಲೂ ಸತ್ಯಾಂಶವಿರುತ್ತದೆ. ಆದರೆ ಕೊನೆಗೆ ತಕ್ಕಡಿ ವಾಲುವುದು ಗಟ್ಟಿ ಧ್ವನಿಯ ಕಡೆಗೆ. ಒಮ್ಮೆ ಗೋದಾಮು ಕಟ್ಟಿದ ಮೇಲೆ ಹತ್ತಿಪ್ಪತ್ತು ವರ್ಷ ಅದನ್ನು ಕದಲಿಸಲಾಗದು. ಅಡಿಕೆ ಸಸಿ ನೆಡುವ ಮುನ್ನ ನೀರು, ಬಸಿಗಾಲುವೆ, ಬಿಸಿಲಿನ ದಿಕ್ಕು ಎಲ್ಲವನ್ನೂ ನೋಡುವ ನಾವು, ಲಕ್ಷಾಂತರ ರೂಪಾಯಿಯ ಗೋದಾಮನ್ನು ಮಾತ್ರ ಅಂದಾಜಿನ ಮೇಲೆ ನೆಡುವುದು ಸರಿಯೇ?

ಈ ಪ್ರಶ್ನೆಗೆ ಹಿಂದೆ ಇಷ್ಟು ತೂಕವಿರಲಿಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಮಾಲು ಯಾರಿಗೆ ಒಪ್ಪಿಸಬೇಕೆಂಬುದು ನಿಶ್ಚಿತವಾಗಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಎಲ್ಲ ಕಾಫಿ ಬೆಳೆಗಾರರಿಗೂ ಪೂರ್ತಿ ಮುಕ್ತ ಮಾರಾಟ ದೊರೆಯಿತು. ಅಂದಿನಿಂದ ವ್ಯಾಪಾರಿ ಕಣದ ಬಾಗಿಲಿಗೇ ಬಂದು ನಿಂತಿದ್ದಾನೆ. ಅಡಿಕೆಯಲ್ಲಂತೂ ಈ ಸ್ಥಿತಿ ಮೊದಲಿನಿಂದಲೂ ಇದೆ. ಧಾರಣೆಯಲ್ಲಿ ಸಂಘವು ಕ್ವಿಂಟಲಿಗೆ ನೂರಿನ್ನೂರು ಹೆಚ್ಚು ಕೊಟ್ಟರೂ, ಮೂರು ಮೂಟೆಗಾಗಿ ಜೀಪು ಬಾಡಿಗೆಗೆ ಹಿಡಿಯಬೇಕಾದ ಸಣ್ಣ ಬೆಳೆಗಾರನಿಗೆ ಆ ಲಾಭ ದಾರಿಯಲ್ಲೇ ಕರಗುತ್ತದೆ. ಆದ್ದರಿಂದ ಕೇಂದ್ರದ ಜಾಗವೂ ಧಾರಣೆಯ ಒಂದು ಭಾಗವೇ ಎಂಬುದು ನಮ್ಮ ಅಭಿಪ್ರಾಯ.

ಈಗ ಜಿ.ಐ.ಎಸ್. ಎಂಬ ಹೆಸರು ಎಲ್ಲೆಲ್ಲೂ ಕೇಳಿಬರುತ್ತಿದೆ. ಭೌಗೋಳಿಕ ಮಾಹಿತಿ ವ್ಯವಸ್ಥೆ ಎಂದು ಇದರ ಅರ್ಥ. ಹೆಸರು ದೊಡ್ಡದಾದರೂ ಸಂಗತಿ ಸರಳ. ಗ್ರಾಮ ನಕ್ಷೆಯ ಮೇಲೆ ತೆಳುವಾದ ಹಾಳೆಯಿಟ್ಟು ರಸ್ತೆಗಳನ್ನು ಬರೆಯಿರಿ. ಅದರ ಮೇಲೆ ಇನ್ನೊಂದು ಹಾಳೆಯಿಟ್ಟು ಸದಸ್ಯರ ಮನೆಗಳನ್ನು ಗುರುತಿಸಿರಿ. ಮೂರನೆಯದರಲ್ಲಿ ಯಾರ ತೋಟದಿಂದ ಎಷ್ಟು ಮೂಟೆ ಎಂದು ಬರೆಯಿರಿ, ನಾಲ್ಕನೆಯದರಲ್ಲಿ ಹಳ್ಳ ಮತ್ತು ಸೇತುವೆಗಳನ್ನು. ಎಲ್ಲವನ್ನೂ ಒಟ್ಟಿಗೆ ಬೆಳಕಿಗೆ ಹಿಡಿದರೆ, ಬಿಡಿಬಿಡಿಯಾಗಿದ್ದಾಗ ಕಾಣದ ಸಂಗತಿ ಕಾಣುತ್ತದೆ. ಈ ಹಾಳೆಗಳ ಕೆಲಸವನ್ನು ಗಣಕಯಂತ್ರ ಮಾಡಿದರೆ ಅದೇ ಜಿ.ಐ.ಎಸ್. ಭೂಮಿಯ ಲೆಕ್ಕಕ್ಕಾಗಿ 1960ರ ದಶಕದಲ್ಲಿ ಕೆನಡಾ ಸರ್ಕಾರ ರೋಜರ್ ಟಾಮ್ಲಿನ್ಸನ್ ಅವರ ಮುಂದಾಳತ್ವದಲ್ಲಿ ಇಂಥ ಮೊದಲ ದೊಡ್ಡ ವ್ಯವಸ್ಥೆಯನ್ನು ಕಟ್ಟಿತು.

ವ್ಯಾಪಾರಸ್ಥರಿಗೆ ಈ ವಿದ್ಯೆ ಗಣಕಯಂತ್ರಕ್ಕಿಂತಲೂ ಹಳೆಯದು. 1930ರ ದಶಕದಲ್ಲೇ ಅಮೆರಿಕದ ಕ್ರೋಗರ್ ಎಂಬ ಕಿರಾಣಿ ಮಳಿಗೆಗಳ ಸಂಸ್ಥೆಯಲ್ಲಿದ್ದ ವಿಲಿಯಂ ಆಪಲ್‌ಬಾಮ್ ಎಂಬವರು, ಅಂಗಡಿಗೆ ಬಂದ ಗಿರಾಕಿಗಳ ವಿಳಾಸ ಕೇಳಿ ಪಟದ ಮೇಲೆ ಗುರುತು ಹಾಕಿಸುತ್ತಿದ್ದರು. ಯಾವ ಅಂಗಡಿಗೆ ಎಷ್ಟು ದೂರದಿಂದ ಜನ ಬರುತ್ತಾರೆ, ಎಲ್ಲಿ ಬರುವುದು ನಿಲ್ಲುತ್ತದೆ ಎಂಬುದು ಆ ಚುಕ್ಕೆಗಳಿಂದ ತಿಳಿಯುತ್ತಿತ್ತು. ಇಂದು ಕಾಫಿಯನ್ನು ಲೋಟದ ಲೆಕ್ಕದಲ್ಲಿ ಮಾರುವ ಸ್ಟಾರ್‌ಬಕ್ಸ್ ಕಂಪೆನಿ ಹೊಸ ಮಳಿಗೆಯ ಜಾಗ ಆರಿಸಲು ಇಂಥದೇ ನಕ್ಷಾ ವ್ಯವಸ್ಥೆಯನ್ನು ಬಳಸುತ್ತದೆ. ಕಾಫಿ ಮಾರುವವರು ಬೀದಿಯ ಮೂಲೆಯನ್ನು ಲೆಕ್ಕ ಹಾಕಿ ಹಿಡಿಯುವಾಗ, ಬೆಳೆಯುವ ನಾವು ಲೆಕ್ಕವಿಲ್ಲದೆ ಇರಬೇಕಾದ ಕಾರಣವಿಲ್ಲ.

ಆದರೆ ಬಯಲುಸೀಮೆಯ ಅಥವಾ ಪರದೇಶದ ಲೆಕ್ಕವನ್ನು ಹಾಗೆಯೇ ಮಲೆನಾಡಿಗೆ ತರಲಾಗದು. ಮೊದಲನೆಯದಾಗಿ, ಪಟದ ಮೇಲಿನ ನೇರ ಗೆರೆ ನಮ್ಮಲ್ಲಿ ದಾರಿಯಲ್ಲ. ಕಾಗೆ ಹಾರುವ ದೂರ ಮೂರು ಕಿಲೋಮೀಟರಾದರೆ, ಗುಡ್ಡ ಬಳಸಿ ಸಂಕ ದಾಟಿ ಹೋಗುವವನಿಗೆ ಅದು ಒಂಬತ್ತೂ ಆಗಬಹುದು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಾಗ ಮಂಗಳೂರಿನ ಕಡೆಯ ದೂರ ಎಷ್ಟು ಬೆಳೆಯಿತೆಂಬುದು ಎಲ್ಲರಿಗೂ ನೆನಪಿದೆ. ಆದ್ದರಿಂದ ದೂರವನ್ನು ಕಿಲೋಮೀಟರಿನಲ್ಲಿ ಅಲ್ಲ, ಹೊತ್ತಿನಲ್ಲಿ ಮತ್ತು ಬಾಡಿಗೆಯಲ್ಲಿ ಅಳೆಯಬೇಕು. ಮಳೆಗಾಲಕ್ಕೊಂದು, ಬೇಸಗೆಗೊಂದು ಲೆಕ್ಕವಿರಬೇಕು.

ಎರಡನೆಯದಾಗಿ, ಪಲ್ಪರ್ ಮತ್ತು ಗೋದಾಮು ಎರಡಕ್ಕೂ ಒಂದೇ ಜಾಗ ಒಳ್ಳೆಯದೆಂದು ತಿಳಿಯಬಾರದು. ಸಂಸ್ಕರಿಸುವಾಗ ತೂಕ ಕಳೆದುಕೊಳ್ಳುವ ಕಚ್ಚಾ ಮಾಲಿನ ಕಾರ್ಖಾನೆ ಆ ಮಾಲು ಸಿಗುವ ಕಡೆಗೇ ಸರಿಯುತ್ತದೆಂದು ಜರ್ಮನಿಯ ಆಲ್ಫ್ರೆಡ್ ವೆಬರ್ 1909ರಲ್ಲೇ ವಿವರಿಸಿದ್ದಾರೆ. ಒಂದು ಕಿಲೋ ಕಾಫಿ ಬೀಜಕ್ಕೆ ಸುಮಾರು 5ರಿಂದ 6 ಕಿಲೋ ಹಣ್ಣು ಬೇಕು. ಪಲ್ಪರ್ ದೂರವಿಟ್ಟರೆ ನಾವು ನೀರು ಮತ್ತು ಸಿಪ್ಪೆಗೆ ಲಾರಿ ಬಾಡಿಗೆ ಕೊಟ್ಟಂತೆ. ಅಲ್ಲದೆ ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ಹುಳಿತು ಗುಣ ಕೆಡುತ್ತದೆ. ಒಣಗಿದ ಚೆರಿಗೆ, ಚಾಲಿ ಅಡಿಕೆಗೆ ಈ ಅವಸರವಿಲ್ಲ; ಅವುಗಳ ಗೋದಾಮು ರಸ್ತೆಯ ಹತ್ತಿರವಿದ್ದರೆ ನಡೆದೀತು.

ಇಷ್ಟರವರೆಗೆ ತಾಂತ್ರಿಕ ಮಾತಾಯಿತು. ನಿಜವಾದ ತೊಡಕು ಬೇರೆ ಇದೆ, ಅದನ್ನು ಸದಸ್ಯರೆಲ್ಲ ಗಮನವಿಟ್ಟು ನೋಡಬೇಕೆಂದು ಕೋರುತ್ತೇವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೆದ್ದಾರಿಯ ಬಳಿ ಇಬ್ಬರು ದೊಡ್ಡ ಬೆಳೆಗಾರರು, ತಲಾ 100 ಮೂಟೆ. ಅಲ್ಲಿಂದ 12 ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿ ಎಂಟು ಮಂದಿ ಸಣ್ಣವರು, ತಲಾ 5 ಮೂಟೆ. ಕೇಂದ್ರ ಎಲ್ಲಿರಬೇಕು? ಮೂಟೆಗಳ ಲೆಕ್ಕ ಹಿಡಿದರೆ, ಹೆದ್ದಾರಿಯಲ್ಲಿದ್ದಾಗ 40 ಮೂಟೆ 12 ಕಿಲೋಮೀಟರ್ ಸಾಗಬೇಕು, ಹಳ್ಳಿಯಲ್ಲಿದ್ದಾಗ 200 ಮೂಟೆ. ಹೆದ್ದಾರಿಯೇ ಸರಿ ಎಂದು ಯಂತ್ರ ಹೇಳುತ್ತದೆ. ಸದಸ್ಯರ ಲೆಕ್ಕ ಹಿಡಿದರೆ, ಹೆದ್ದಾರಿಯಲ್ಲಿದ್ದಾಗ ಎಂಟು ಮಂದಿ ಪ್ರಯಾಣ ಮಾಡಬೇಕು, ಹಳ್ಳಿಯಲ್ಲಿದ್ದಾಗ ಇಬ್ಬರೇ. ಹಳ್ಳಿಯೇ ಸರಿ ಎಂದು ಅದೇ ಯಂತ್ರ ಹೇಳುತ್ತದೆ. ಎರಡು ಉತ್ತರವೂ ಗಣಿತದಲ್ಲಿ ತಪ್ಪಿಲ್ಲ. ಯಾವುದನ್ನು ತೂಗಬೇಕೆಂದು ನಾವು ಹೇಳಿದೆವೋ ಅದನ್ನೇ ಅದು ತೂಗಿತು.

ವ್ಯಾಪಾರಿ ಕಂಪೆನಿಯಾದರೆ ಮೂಟೆಯನ್ನಷ್ಟೇ ತೂಗುತ್ತದೆ. ಅದು ಅದರ ಧರ್ಮ. ಆದರೆ 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರಿಂದ ಬಂದ ಸಹಕಾರದ ತತ್ವ ಸದಸ್ಯನಿಗೊಂದು ಮತ ಎಂಬುದು, ಮೂಟೆಗೊಂದು ಮತ ಎಂಬುದಲ್ಲ. ಹಾಗೆಂದು ಮೂಟೆಯನ್ನು ಮರೆತರೆ ಸಾಗಣೆಯ ಖರ್ಚು ಏರಿ ಸಂಘವೇ ಬಡವಾಗುತ್ತದೆ. ಆದ್ದರಿಂದ ನಮ್ಮ ಸಲಹೆ ಇಷ್ಟೆ: ನಕ್ಷೆಯನ್ನು ಎರಡು ಸಲ ಬರೆಯಿಸಬೇಕು, ಒಮ್ಮೆ ಮೂಟೆಯ ತೂಕದಲ್ಲಿ, ಒಮ್ಮೆ ಸದಸ್ಯರ ತಲೆಯೆಣಿಕೆಯಲ್ಲಿ. ಎರಡೂ ಒಂದೇ ಜಾಗ ತೋರಿಸಿದರೆ ವಾದವೇ ಇಲ್ಲ. ಬೇರೆಬೇರೆ ತೋರಿಸಿದರೆ ಆ ಅಂತರವನ್ನು ಮಹಾಸಭೆಯ ಮುಂದೆ ಬಿಚ್ಚಿಟ್ಟು ನಿರ್ಣಯಿಸಬೇಕು. ಮೇಲಿನ ಉದಾಹರಣೆಯಲ್ಲಿ ಗೋದಾಮು ಹೆದ್ದಾರಿಯಲ್ಲೇ ಇರಲಿ. ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೊಂದು ದಿನ ತಕ್ಕಡಿಯೂ ಸಂಘದ ವಾಹನವೂ ಹಳ್ಳಿಗೆ ಹೋಗಲಿ. ಆ ದಿನದ ಖರ್ಚು ಎಷ್ಟೆಂಬುದನ್ನೂ ಅದೇ ನಕ್ಷೆ ಹೇಳಬಲ್ಲದು.

ಇನ್ನೊಂದು ಅಪಾಯವಿದೆ. ಸಂಘದ ಆವಕದ ಪುಸ್ತಕವನ್ನೇ ನಂಬಿ ಪಟ ಬರೆದರೆ, ನಮಗೆ ಮಾಲು ಕೊಡದವರು ಅದರಲ್ಲಿ ಕಾಣುವುದೇ ಇಲ್ಲ. ಒಂದು ಮೂಲೆಯಿಂದ ಮೂಟೆ ಬರುತ್ತಿಲ್ಲವೆಂದರೆ ಅಲ್ಲಿ ಬೆಳೆಯಿಲ್ಲವೆಂದಲ್ಲ, ನಮ್ಮ ಕೇಂದ್ರ ಅಲ್ಲಿಗೆ ದೂರವೆಂದಿರಬಹುದು. ಖಾಲಿ ಕಂಡ ಜಾಗದಲ್ಲಿ ಕೇಂದ್ರ ಬೇಡವೆಂದರೆ ದೂರದವರನ್ನು ಇನ್ನಷ್ಟು ದೂರ ತಳ್ಳಿದಂತೆ. ಆದ್ದರಿಂದ ಪಹಣಿಯ ಬೆಳೆ ಕಾಲಮ್ಮನ್ನು, ಊರಿನ ಹಿರಿಯರ ತಿಳುವಳಿಕೆಯನ್ನು ಜೊತೆಗಿಟ್ಟು ನೋಡಬೇಕು. ಉಪಗ್ರಹದ ಚಿತ್ರವೊಂದೇ ಸಾಲದು. ನೆರಳು ಮರಗಳ ಕೆಳಗಿನ ಕಾಫಿಯನ್ನು ಮೇಲಿನಿಂದ ಕಾಡಿನಿಂದ ಬೇರ್ಪಡಿಸುವುದು ಕಷ್ಟ.

ಈ ಕೊನೆಯ ಮಾತಿಗೆ ಇನ್ನೊಂದು ಮಹತ್ವವಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮದಂತೆ, ಅಲ್ಲಿಗೆ ಹೋಗುವ ಕಾಫಿ ಯಾವ ತೋಟದ್ದೆಂದು ಭೂಮಿಯ ಮೇಲೆ ಗುರುತಿಸಿ ತೋರಿಸಬೇಕು. 4 ಹೆಕ್ಟೇರಿಗಿಂತ ದೊಡ್ಡ ಜಮೀನಿಗೆ ಗಡಿಯ ಗೆರೆ ಬೇಕು, ಸಣ್ಣವಕ್ಕೆ ಒಂದು ಬಿಂದು ಸಾಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಮಾಲು ಸಲ್ಲದು. ಜಾರಿಯ ದಿನ ಮುಂದಕ್ಕೆ ಹೋಗಿದ್ದರೂ ನಿಯಮ ಹೋಗಿಲ್ಲ. ತಲೆಮಾರುಗಳಿಂದ ನೆರಳಿನಲ್ಲಿ ಕಾಫಿ ಬೆಳೆದವನ ತೋಟವನ್ನು ದೂರದ ಯಂತ್ರ ಕಾಡೆಂದು ಎಣಿಸಿದರೆ, ನಮ್ಮದೇ ನಕ್ಷೆ ಮತ್ತು ದಾಖಲೆ ಇದ್ದಾಗ ಮಾತ್ರ ಉತ್ತರ ಕೊಡಬಹುದು. ಕೇಂದ್ರದ ಜಾಗಕ್ಕಾಗಿ ಮಾಡಿದ ಕೆಲಸ ಇಲ್ಲಿಯೂ ಒದಗುತ್ತದೆ.

ಖರ್ಚಿನ ಭಯ ಬೇಡ. ಕ್ಯೂ.ಜಿ.ಐ.ಎಸ್. ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭೂಪಟ ತಯಾರಿಕೆಯ ಮೇಲಿನ ಹಳೆಯ ನಿರ್ಬಂಧಗಳನ್ನು ಬಹುಮಟ್ಟಿಗೆ ತೆಗೆದಿದೆ. ರಾಜ್ಯದ ದೂರಸಂವೇದಿ ಕೇಂದ್ರದ ನೆರವಿನ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರನ್ನು ಮೊಬೈಲಿನಲ್ಲೇ ನೋಡಬಹುದು. ದಟ್ಟ ಮರಗಳ ಕೆಳಗೆ ಮೊಬೈಲಿನ ಗುರುತು ಕೆಲವು ಮೀಟರ್ ಆಚೀಚೆ ಆಗುತ್ತದೆ. ಗಡಿ ತಕರಾರಿಗೆ ಅದು ಆಧಾರವಾಗದು, ಕೇಂದ್ರದ ಲೆಕ್ಕಕ್ಕೆ ಧಾರಾಳವಾಗಿ ಸಾಕು. ರಜೆಯಲ್ಲಿ ಮನೆಗೆ ಬರುವ ನಮ್ಮ ಕಾಲೇಜು ಮಕ್ಕಳು ಈ ಕೆಲಸವನ್ನು ನಮಗಿಂತ ಬೇಗ ಕಲಿತಾರು.

ಒಂದು ಷರತ್ತನ್ನು ಮಾತ್ರ ಮೊದಲೇ ಹಾಕಿಕೊಳ್ಳಬೇಕು. ಯಾರ ಕಣದಲ್ಲಿ ಎಷ್ಟು ಮೂಟೆ ಇದೆಯೆಂಬುದು ವ್ಯಾಪಾರಿಗೆ ಚಿನ್ನದಂಥ ಸುದ್ದಿ. ಆ ವಿವರ ಸಂಘದ ಬೀಗದೊಳಗಿರಬೇಕು. ಸಭೆಗೆ ಬರುವ ಪಟದಲ್ಲಿ ಊರುವಾರು ಮೊತ್ತ ಇರಲಿ, ಹೆಸರು ಬೇಡ. ಪುಕ್ಕಟೆ ಮಾಡಿಕೊಡುತ್ತೇವೆಂದು ಬರುವ ಹೊರಗಿನವರಿಗೆ ಸದಸ್ಯರ ಪಟ್ಟಿ ಕೊಡುವ ಮೊದಲು ಆಡಳಿತ ಮಂಡಳಿಯ ನಿರ್ಣಯ ಆಗಿರಬೇಕು.

ನಕ್ಷೆ ನಮ್ಮ ಪರವಾಗಿ ಮತ ಹಾಕುವುದಿಲ್ಲ. ಯಾರು ಎಷ್ಟು ದೂರ ನಡೆಯುತ್ತಿದ್ದಾರೆಂದು ತೋರಿಸುತ್ತದೆ, ಅಷ್ಟೆ. ಅದನ್ನು ನೋಡಿದ ಮೇಲೂ ಹೆದ್ದಾರಿಯೇ ಬೇಕೆಂದರೆ ಆಗಲಿ, ಆದರೆ ಅದರ ಭಾರ ಯಾರ ಹೆಗಲಿಗೆ ಬೀಳುತ್ತದೆಂದು ತಿಳಿದು ಕೈ ಎತ್ತಿದಂತಾಗಲಿ. ಮುಂದಿನ ಮಹಾಸಭೆಗೆ ಮುಂಚೆ ಎರಡೂ ಪಟಗಳು ಸದಸ್ಯರ ಮುಂದಿರಬೇಕೆಂಬುದು ನಮ್ಮ ಆಗ್ರಹ. ಈ ಬಗ್ಗೆ ಸದಸ್ಯರು ತಮ್ಮ ಅಭಿಪ್ರಾಯವನ್ನು, ಭಿನ್ನಾಭಿಪ್ರಾಯವನ್ನೂ, ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.