ಟೈರಿನ ನೈಟ್ರೋಜನ್: ಹೆದರಿಸಿ ಮಾರಬೇಕಾದ ಸರಕಲ್ಲ

ಕಾರಿನ ಟೈರಿಗೆ ನೈಟ್ರೋಜನ್ ತುಂಬಿಸದವರು ಮನೆಮಂದಿಯ ಸುರಕ್ಷತೆಯನ್ನೇ ಕಡೆಗಣಿಸಿದಂತೆ ಎಂದು ಕಳೆದ ಸಂಚಿಕೆಯ ವಾಹನ ಅಂಕಣ ತೀರ್ಪು ಕೊಟ್ಟಿದೆ. ಈ ಮಾತು ತಪ್ಪು. ಬಂಕಿನ ಪುಕ್ಕಟೆ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ.

ವಿಮಾನದ ಟೈರಿಗೆ ನೈಟ್ರೋಜನ್ ತುಂಬುವ ಉದಾಹರಣೆ ಕೊಟ್ಟ ಅಂಕಣಕಾರರು ಅದರ ಕಾರಣವನ್ನು ಬಿಟ್ಟಿದ್ದಾರೆ. 1986ರಲ್ಲಿ ಮೆಕ್ಸಿಕೋದಲ್ಲಿ ಬೋಯಿಂಗ್ 727 ವಿಮಾನವೊಂದು ಬಿದ್ದು 167 ಮಂದಿ ಸತ್ತರು. ಬ್ರೇಕ್ ವಿಪರೀತ ಕಾದು, ಮಾಮೂಲಿ ಗಾಳಿ ತುಂಬಿದ್ದ ಟೈರು ಹಾರಾಟದಲ್ಲೇ ಸ್ಫೋಟಿಸಿತ್ತು. ಕಾದ ರಬ್ಬರಿನಿಂದ ಹೊಮ್ಮುವ ಆವಿ ಆಮ್ಲಜನಕದೊಡನೆ ಸೇರಿ ಸಿಡಿಯದಿರಲೆಂದೇ ದೊಡ್ಡ ವಿಮಾನಗಳಿಗೆ ನೈಟ್ರೋಜನ್ ಬೇಕು. ಕಚೇರಿಗೆ, ಊರಿಗೆ ಓಡಾಡುವ ಕಾರಿನ ಟೈರು ಆ ಮಟ್ಟಕ್ಕೆ ಕಾಯುವುದಿಲ್ಲ.

ನೈಟ್ರೋಜನ್ ಸೋರುವುದೇ ಇಲ್ಲ ಎಂಬ ಮಾತೂ ನಿಲ್ಲದು. ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' 31 ಮಾದರಿಯ ಟೈರುಗಳಿಗೆ 30 ಪಿಎಸ್‌ಐ ತುಂಬಿಸಿ ವರ್ಷವಿಡೀ ಇಟ್ಟು ನೋಡಿತು. ಸರಾಸರಿಯಲ್ಲಿ ಗಾಳಿ 3.5 ಪಿಎಸ್‌ಐ ಇಳಿದರೆ, ನೈಟ್ರೋಜನ್ 2.2 ಇಳಿಯಿತು. ಲಾಭ ಇದೆ, ಆದರೆ ವರ್ಷಕ್ಕೆ 1.3 ಪಿಎಸ್‌ಐ ಮಾತ್ರ!

ಬಿಸಿಲಿಗೆ ಒತ್ತಡ ಏರುವುದೂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಗಾಳಿಯಲ್ಲಿ ತೇವ ಹೆಚ್ಚಿದ್ದರಷ್ಟೇ ತುಸು ವ್ಯತ್ಯಾಸ.

ನಿಜವಾದ ಅಪಾಯ ನೈಟ್ರೋಜನ್ ಹಾಕಿಸಿದ್ದೇವೆಂದು ತಿಂಗಳುಗಟ್ಟಲೆ ಒತ್ತಡ ನೋಡದಿರುವುದು. ಗಾಳಿ ಕಡಿಮೆಯಾದ ಟೈರು ಹೆದ್ದಾರಿಯ ವೇಗದಲ್ಲಿ ಕಾದು ಒಡೆಯುತ್ತದೆ. ಒಳಗೆ ಯಾವ ಅನಿಲವಿದ್ದರೂ ಅಷ್ಟೇ. ಓದುಗರು ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ, ತಯಾರಕರು ಸೂಚಿಸಿದ ಒತ್ತಡಕ್ಕೆ ಗಾಳಿ ಹಿಡಿಸಲಿ. ಸ್ಟೆಪ್ನಿಯನ್ನೂ ಮರೆಯದಿರಲಿ.