ಏನೋ ಒಂದು ತರಹ

ಭಾನುವಾರದ ಸಂಜೆ. ತರುಣ ಉಪನ್ಯಾಸಕನೊಬ್ಬನು ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತಿದ್ದಾನೆ. ಬಲಗೈಯಲ್ಲಿ ಕೆಂಪು ಶಾಯಿಯ ಲೇಖನಿ. ಎಡಗೈ ಮಾತ್ರ ಮತ್ತೆ ಮತ್ತೆ ಕತ್ತಿನ ಹಿಂಭಾಗಕ್ಕೆ ಹೋಗುತ್ತಿದೆ. “ಏನಾಯಿತು ರೀ?” ಎಂದು ಹೆಂಡತಿ ಕೇಳಿದರೆ, “ಏನೂ ಇಲ್ಲ, ಕತ್ತು ನೋವು” ಎಂಬ ಉತ್ತರ. “ಮನಸ್ಸಿಗೇನಾದರೂ ಬೇಸರವೆ?” ಎಂದರೆ, “ಏನೋ ಒಂದು ತರಹ” ಎಂದು ತಲೆ ತಗ್ಗಿಸುತ್ತಾನೆ. ಬೊಂಬೆಯನ್ನು ಹಿಡಿದು ಬಳಿಗೆ ಬಂದ ಮಗಳು ಗದರಿಸಿಕೊಂಡು ಒಳಗೆ ಹೋಗುತ್ತಾಳೆ.

ಇಂಥ ಸಂಜೆಗಳು ಇಂದು ಅನೇಕ ಅಧ್ಯಾಪಕರ ಮನೆಗಳಿಗೆ ಪರಿಚಿತವಾದುವು. ಈತನೂ ವೈದ್ಯರನ್ನು ಕಂಡಿದ್ದಾನೆ. ಎಕ್ಸ್‌ರೇಯಲ್ಲಿ ದೋಷವೇನೂ ಕಾಣಲಿಲ್ಲ. ಮಾತ್ರೆ ನುಂಗಿದ್ದಾಯಿತು, ಮುಲಾಮು ತಿಕ್ಕಿದ್ದಾಯಿತು, ದಿಂಬು ಬದಲಿಸಿದ್ದೂ ಆಯಿತು. ಆದರೆ ಆತ ಗಮನಿಸದ ಸಂಗತಿಯೊಂದುಂಟು. ಆ ನೋವಿಗೂ ಒಂದು ಪಂಚಾಂಗವಿದೆ! ಭಾನುವಾರದ ಸಂಜೆ ಅದು ತಲೆಯೆತ್ತುತ್ತದೆ. ಪ್ರಾಂಶುಪಾಲರು ಸಭೆ ಕರೆದ ದಿನ ಹೆಗಲಿಗಿಳಿಯುತ್ತದೆ. ವರ್ಷದ ಕೊನೆಯಲ್ಲಿ, ಮುಂದಿನ ವರ್ಷ ಮತ್ತೆ ಕರೆಯುವರೋ ಇಲ್ಲವೋ ಎಂಬ ದಿನಗಳಲ್ಲಿ, ರಾತ್ರಿಯ ನಿದ್ರೆಯನ್ನೇ ಕಸಿದುಕೊಳ್ಳುತ್ತದೆ.

ವಿಚಿತ್ರವೆಂದರೆ, ಇದೇ ಉಪನ್ಯಾಸಕನು ತರಗತಿಯಲ್ಲಿ ಭಾವಗಳ ಪಾಠ ಹೇಳುವವನು. ಭರತನ ನಾಟ್ಯಶಾಸ್ತ್ರವು ಎಣಿಸುವ 33 ವ್ಯಭಿಚಾರಿ ಭಾವಗಳು ಆತನ ನಾಲಗೆಯ ತುದಿಯಲ್ಲಿವೆ: ಗ್ಲಾನಿ, ಶಂಕೆ, ಅಸೂಯೆ, ಶ್ರಮ, ದೈನ್ಯ, ಚಿಂತೆ, ವಿಷಾದ. ಮನಸ್ಸಿನ ಕ್ಷೋಭೆ ದೇಹದಲ್ಲಿ ಬೆವರಾಗಿ, ನಡುಕವಾಗಿ, ಗದ್ಗದವಾಗಿ ಕಾಣಿಸಿಕೊಳ್ಳುವ 8 ಸಾತ್ತ್ವಿಕ ಭಾವಗಳನ್ನೂ ಆತ ಸೊಗಸಾಗಿ ವಿವರಿಸಬಲ್ಲ. ದುಷ್ಯಂತನ ವಿಷಾದವನ್ನು ಗುರುತಿಸುವ ಆ ಕಣ್ಣಿಗೆ ತನ್ನ ವಿಷಾದ ಮಾತ್ರ ಬರಿಯ ಕತ್ತುನೋವು!

ಭಾವವನ್ನು ಗುರುತಿಸಿ ಮಾತಿನಲ್ಲಿ ಹೇಳಲಾಗದ ಈ ಸ್ಥಿತಿಗೆ ಅಮೆರಿಕದ ಬಾಸ್ಟನ್ ನಗರದ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1973ರಲ್ಲಿ ‘ಅಲೆಕ್ಸಿಥೈಮಿಯ’ ಎಂಬ ಹೆಸರನ್ನಿತ್ತರು. ಗ್ರೀಕ್ ಮೂಲದ ಈ ಪದಕ್ಕೆ ‘ಭಾವಕ್ಕೆ ಮಾತಿಲ್ಲದಿರುವುದು’ ಎಂದು ಅರ್ಥ. ಇದು ರೋಗವಲ್ಲ, ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಇರುವ ಒಂದು ಸ್ವಭಾವ. ಭಾವವು ಬಂದಾಗ ಎದೆ ಬಡಿದುಕೊಳ್ಳುವುದು, ಹೊಟ್ಟೆ ತೊಳಸುವುದು, ಸ್ನಾಯುಗಳು ಬಿಗಿಯುವುದು ಎಲ್ಲರಿಗೂ ಸಹಜ. ‘ಇದು ಭಯ’, ‘ಇದು ಕೋಪ’ ಎಂದು ಅರಿಯಬಲ್ಲವನಿಗೆ ಆ ಕುರುಹುಗಳು ಅರ್ಥವಾಗುತ್ತವೆ. ಅರಿಯದವನಿಗೆ ಅವು ಬರಿಯ ದೇಹಬಾಧೆಯಾಗಿ ಉಳಿಯುತ್ತವೆ. ಬಿಗಿದ ಸ್ನಾಯು ಸಡಿಲವಾಗದು, ನಿದ್ರೆ ಕೆಡುವುದು, ನಿದ್ರೆಗೆಟ್ಟ ದೇಹಕ್ಕೆ ನೋವು ಇಮ್ಮಡಿಯಾಗಿ ತೋರುವುದು.

ಹಾಗಾದರೆ ಈ ನೋವು ಸುಳ್ಳೆ? ಖಂಡಿತ ಅಲ್ಲ. ನೋವನ್ನು ಕುರಿತು ಅಧ್ಯಯನ ನಡೆಸುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ಕೊಟ್ಟ ಲಕ್ಷಣದಲ್ಲಿಯೂ, 2020ರಲ್ಲಿ ಅದನ್ನು ತಿದ್ದಿದಾಗಲೂ, ನೋವೆಂಬುದು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು ಎಂದೇ ಒಪ್ಪಿದೆ. ನಮ್ಮ ಆಡುಮಾತು ಇದನ್ನು ಎಂದೋ ಅರಿತಿತ್ತು. ಅಸೂಯೆಗೆ ‘ಹೊಟ್ಟೆಕಿಚ್ಚು’ ಎಂದವರು, ಚಿಂತೆಗೆ ‘ತಲೆಬಿಸಿ’ ಎಂದವರು, ಧೈರ್ಯಗೆಟ್ಟವನನ್ನು ‘ಎದೆಗುಂದಿದವನು’ ಎಂದವರು ಮನಸ್ಸನ್ನೂ ಮೈಯನ್ನೂ ಬೇರೆ ಬೇರೆ ಕೋಣೆಗಳಲ್ಲಿಟ್ಟವರಲ್ಲ.

ಇನ್ನು ಉದ್ಯೋಗದ ಮಾತು. ಹೊಣೆ ಹೆಚ್ಚಾಗಿದ್ದು, ಅದನ್ನು ನಿರ್ವಹಿಸುವ ರೀತಿಯಲ್ಲಿ ತನ್ನ ಮಾತು ನಡೆಯದಿದ್ದರೆ ದುಡಿಯುವವನ ಮೇಲಿನ ಒತ್ತಡ ಮಿತಿಮೀರುವುದೆಂದು ರಾಬರ್ಟ್ ಕರಾಸೆಕ್ ಎಂಬ ಸಮಾಜವಿಜ್ಞಾನಿ 1979ರಲ್ಲಿ ಪ್ರತಿಪಾದಿಸಿದರು. ತರುಣ ಅಧ್ಯಾಪಕನ ಪಾಡು ಇದಕ್ಕೆ ಒಳ್ಳೆಯ ನಿದರ್ಶನ. ಪಾಠ, ಮೌಲ್ಯಮಾಪನ, ಮುಗಿಯದ ಪಿಎಚ್.ಡಿ. ಪ್ರಬಂಧ, ನ್ಯಾಕ್ ಮಾನ್ಯತೆಗಾಗಿ ಸಿದ್ಧವಾಗಬೇಕಾದ ಕಡತಗಳು ಎಲ್ಲವೂ ಅವನ ಹೆಗಲಿಗೆ. ಅತಿಥಿ ಉಪನ್ಯಾಸಕನಾದರಂತೂ ಬರುವ ವರ್ಷದ ಅನ್ನವೇ ಅನಿಶ್ಚಿತ. ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಇವರ ದೀರ್ಘ ಮುಷ್ಕರದ ಬಳಿಕ 2022ರ ಜನವರಿಯಲ್ಲಿ ಗೌರವಧನವೇನೋ ಏರಿತು. ಆದರೆ ಅಷ್ಟರಿಂದಲೇ ಕೆಲಸ ಕಾಯಂ ಆಗಲಿಲ್ಲ.

ಆದುದರಿಂದ, ‘ಮನಸ್ಸನ್ನು ಹತೋಟಿಯಲ್ಲಿಟ್ಟುಕೊಳ್ಳಿ, ಎಲ್ಲವೂ ಸರಿಹೋಗುತ್ತದೆ’ ಎಂಬ ಉಪದೇಶ ನ್ಯಾಯವಾದುದಲ್ಲ. ಭಾವಕ್ಕೆ ಹೆಸರಿಟ್ಟ ಮಾತ್ರಕ್ಕೆ ನೇಮಕದ ಆದೇಶ ಬಾರದು. ಆದರೂ ಹೆಸರಿನಿಂದ ಎರಡು ಲಾಭಗಳುಂಟು. ಕೋಪ, ಭಯಗಳನ್ನು ತೋರುವ ಮುಖಗಳ ಚಿತ್ರವನ್ನು ನೋಡಿ ಆ ಭಾವದ ಹೆಸರನ್ನು ಆರಿಸಿದಾಗ, ಮಿದುಳಿನಲ್ಲಿ ಭಯಕ್ಕೆ ಓಗೊಡುವ ಅಮಿಗ್ಡಲ ಎಂಬ ಭಾಗದ ಉದ್ರೇಕ ಕುಗ್ಗುವುದೆಂದು ಕ್ಯಾಲಿಫೋರ್ನಿಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಕಂಡರು. ಇದು ಮೊದಲನೆಯದು. ಎರಡನೆಯದು ಇನ್ನೂ ದೊಡ್ಡದು: ಹೆಸರು ತಿಳಿದರೆ ಮದ್ದು ತಿಳಿಯುತ್ತದೆ. ಶ್ರಮಕ್ಕೆ ವಿಶ್ರಾಂತಿ ಬೇಕು. ಅವಮಾನಕ್ಕೆ ವಿಶ್ರಾಂತಿ ಸಾಲದು, ಆಪ್ತನೊಬ್ಬನ ಕಿವಿ ಬೇಕು. ಅನ್ಯಾಯದ ಕೋಪಕ್ಕೆ ಸಹೋದ್ಯೋಗಿಗಳೊಡನೆ ಬರೆದ ಮನವಿ ಪತ್ರ ಬೇಕು. ಎಲ್ಲಕ್ಕೂ ಒಂದೇ ಮುಲಾಮು ಹಚ್ಚಿದರೆ ಯಾವುದು ತಾನೆ ವಾಸಿಯಾದೀತು?

ಒಂದು ಎಚ್ಚರಿಕೆ ಅವಶ್ಯ. ನೋವನ್ನು ಮನಸ್ಸಿನ ಲೆಕ್ಕಕ್ಕೆ ಬರೆಯುವ ಮೊದಲು ವೈದ್ಯರು ನೋಡಿರಬೇಕು. ಕೈ ಜೋಮು ಹಿಡಿಯುವುದು, ಬಲಗುಂದುವುದು, ಜ್ವರ, ಎದೆನೋವು ಇವುಗಳಿದ್ದರೆ ತಡಮಾಡುವುದು ಸಲ್ಲದು.

ಆ ಉಪನ್ಯಾಸಕನು ಈಗ ಪುಟ್ಟ ಪುಸ್ತಕವೊಂದರಲ್ಲಿ ನೋವು ಬಂದ ಹೊತ್ತನ್ನೂ, ಆ ಹೊತ್ತಿನ ಮನಸ್ಥಿತಿಯನ್ನೂ ಒಂದೊಂದು ಸಾಲಿನಲ್ಲಿ ಬರೆಯತೊಡಗಿದ್ದಾನೆ. ಮೊದಲ ವಾರವೆಲ್ಲ ‘ಏನೋ ಒಂದು ತರಹ’ ಎಂದೇ ಬರೆದ. ಮೂರನೆಯ ಭಾನುವಾರ, ಹೆಂಡತಿ ಮತ್ತೆ ಕೇಳಿದಾಗ, ಲೇಖನಿಯನ್ನು ಕೆಳಗಿಟ್ಟು, “ಬರುವ ವರ್ಷ ನನ್ನನ್ನು ಕರೆಯದಿದ್ದರೆ ಮನೆ ನಡೆಯುವುದು ಹೇಗೆಂದು ಹೆದರಿಕೆ ಕಣೇ” ಎಂದ. “ನನಗೂ ಅದೇ ಹೆದರಿಕೆ. ನೀವು ಹೇಳಲಿಲ್ಲವೆಂದು ನಾನೂ ಹೇಳಲಿಲ್ಲ” ಎಂದಳು ಆಕೆ. ಇಬ್ಬರೂ ಕುಳಿತು ಮನೆಯ ಖರ್ಚಿನ ಲೆಕ್ಕ ಬರೆದರು. ಕತ್ತಿನ ನೋವು ಅಂದೇ ಮಾಯವಾಗಲಿಲ್ಲ. ಆದರೆ ಆ ಸಂಜೆ ಬೊಂಬೆ ಹಿಡಿದು ಬಂದ ಮಗಳನ್ನು ಯಾರೂ ಗದರಿಸಲಿಲ್ಲ.