ನೆಲ ನಡುಗುವ ಮೊದಲು ‘ಸಿಗ್ನಲ್’ ಬರುತ್ತದೆಯೆ?

ಎಲ್ಲಾದರೂ ಭೂಕಂಪ ಆಯಿತೆಂದರೆ ಸಾಕು, ಮಾರನೆ ದಿನವೇ ಮೊಬೈಲಿನಲ್ಲಿ ಒಂದು ಸುದ್ದಿ ಓಡಾಡತೊಡಗುತ್ತದೆ. ಭೂಮಿಯೊಳಗಿನ ಕಾಂತ ಅಲೆ ಏರಿದೆಯಂತೆ, ವಾರದೊಳಗೆ ನಮ್ಮ ಕಡೆಯೂ ಆಗುತ್ತದಂತೆ, ಹತ್ತು ಜನಕ್ಕೆ ಕಳಿಸಬೇಕಂತೆ. 2023ರ ಫೆಬ್ರವರಿಯಲ್ಲಿ ಟರ್ಕಿ, ಸಿರಿಯಾಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಈ ಗಾಳಿಮಾತು ಇನ್ನೂ ಮುಂದಕ್ಕೆ ಹೋಯಿತು. ಅಮೆರಿಕದವರ ಅಲಾಸ್ಕಾದ ‘ಹಾರ್ಪ್’ ಕೇಂದ್ರ ರೇಡಿಯೋ ಅಲೆ ಬಿಟ್ಟು ಭೂಕಂಪ ಮಾಡಿಸಿತು ಎಂದು ಆಣೆ ಇಟ್ಟು ಹೇಳುವವರು ಹುಟ್ಟಿಕೊಂಡರು. ಅದು ಆಕಾಶದ ಮೇಲ್ಪದರವನ್ನು ಅಭ್ಯಾಸ ಮಾಡುವ ಕೇಂದ್ರ. ಕಿಲೋಮೀಟರುಗಟ್ಟಲೆ ಆಳದ ಬಂಡೆಯನ್ನು ಅಲುಗಿಸುವ ತಾಕತ್ತು ಅದಕ್ಕೆಲ್ಲಿಂದ ಬರಬೇಕು?

ಗಾಳಿಮಾತು ಹಾಗಿರಲಿ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅನ್ನುತ್ತಾರಲ್ಲ, ಹಾಗೆ ಈ ‘ಕಾಂತ ಅಲೆ’ಯ ಮಾತಿಗೂ ಒಂದು ಮೂಲ ಉಂಟು. ಅದು ಕ್ಯಾಲಿಫೋರ್ನಿಯಾದ ಕೊರಾಲಿಟೋಸ್ ಎಂಬ ಸಣ್ಣ ಊರಿನದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಟನಿ ಫ್ರೇಸರ್-ಸ್ಮಿತ್ ಎಂಬ ವಿಜ್ಞಾನಿ ಅಲ್ಲೊಂದು ಯಂತ್ರ ಇಟ್ಟಿದ್ದರು. ನೆಲದ ಸುತ್ತ ಇರುವ ಕಾಂತಕ್ಷೇತ್ರ ಅತಿ ನಿಧಾನವಾಗಿ ಏರಿಳಿಯುವುದನ್ನು ಅಳೆಯುವ ಯಂತ್ರ ಅದು. ಇಟ್ಟಿದ್ದು ಭೂಕಂಪಕ್ಕಾಗಿ ಅಲ್ಲ. ಇಂಥ ಅಲೆಗಳಲ್ಲಿ ‘ಗದ್ದಲ’ ಎಷ್ಟಿರುತ್ತದೆ ಎಂದು ತಿಳಿಯುವುದಷ್ಟೇ ಉದ್ದೇಶ. ಸ್ಯಾನ್ ಫ್ರಾನ್ಸಿಸ್ಕೋದ ಕರೆಂಟು ರೈಲು ಓಡಿದರೆ ಅದರ ಗದ್ದಲವೂ ಇಂಥ ಯಂತ್ರಕ್ಕೆ ಬಡಿಯುತ್ತದೆ ಎಂದು 1978ರಲ್ಲೇ ಬರೆದಿದ್ದವರು ಇದೇ ಫ್ರೇಸರ್-ಸ್ಮಿತ್. ಈ ರೈಲಿನ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1989ರ ಅಕ್ಟೋಬರ್ 17, ಸಂಜೆ ಐದು ಗಂಟೆ ನಾಲ್ಕು ನಿಮಿಷ. ಕೆಲಸ ಮುಗಿಸಿ ಜನ ಮನೆ ಕಡೆ ಹೊರಟ ಹೊತ್ತು. ಲೋಮಾ ಪ್ರಿಯೆಟಾ ಬೆಟ್ಟದ ಬಳಿ ಭೂಮಿ ಅದುರಿತು. ಓಕ್‌ಲೆಂಡ್ ಊರಿನ ಎರಡಂತಸ್ತಿನ ಹೆದ್ದಾರಿಯ ಮೇಲಿನ ಅಂತಸ್ತು ಕೆಳಗಿನದರ ಮೇಲೆ ಕುಸಿದು, ಅಲ್ಲೊಂದೇ ಕಡೆ 42 ಜನ ಹೋದರು. ಒಟ್ಟು ಸಾವು 63.

ಕೊರಾಲಿಟೋಸಿನ ಯಂತ್ರ ಇದ್ದದ್ದು ಕಂಪದ ಕೇಂದ್ರದಿಂದ ಬರೀ ಏಳು ಕಿ.ಮೀ. ದೂರದಲ್ಲಿ. ಅದರ ದಾಖಲೆ ತೆಗೆದು ನೋಡಿದರೆ ಆಶ್ಚರ್ಯ. ಎರಡು ವಾರ ಮೊದಲೇ ಗದ್ದಲ ಏರಿತ್ತು. ಕಂಪಕ್ಕೆ ಮೂರು ಗಂಟೆ ಇದೆ ಅನ್ನುವಾಗ ಇನ್ನೂ ಜೋರಾಗಿ ಮೇಲಕ್ಕೆ ಹಾರಿತ್ತು. ಫ್ರೇಸರ್-ಸ್ಮಿತ್ ಮತ್ತು ಸಂಗಡಿಗರು 1990ರಲ್ಲಿ ಇದನ್ನು ಪ್ರಕಟಿಸಿದರು. ಮೂರು ಗಂಟೆ ಅಂದರೆ ಸಾಮಾನ್ಯವೆ? ಆಸ್ಪತ್ರೆ ಖಾಲಿ ಮಾಡಬಹುದು, ಶಾಲೆ ಬಿಡಿಸಬಹುದು, ಆ ಹೆದ್ದಾರಿಯನ್ನು ಮುಚ್ಚಬಹುದಿತ್ತು. ಆಸೆ ಹುಟ್ಟದೆ ಇರುತ್ತದೆಯೆ? ಜಪಾನು, ಗ್ರೀಸು, ರಷ್ಯ, ಚೀನ, ಎಲ್ಲೆಲ್ಲೂ ಯಂತ್ರ ಹಿಡಿದು ಕಾಯುವವರು ಹೆಚ್ಚಿದರು.

ಕಥೆ ತಿರುಗಿದ್ದು ಇಪ್ಪತ್ತು ವರ್ಷದ ಮೇಲೆ. 2009ರಲ್ಲಿ ಜೆರೆಮಿ ಥಾಮಸ್, ಜೆಫ್ರಿ ಲವ್, ಮಾಲ್ಕಮ್ ಜಾನ್‌ಸ್ಟನ್ ಎಂಬ ಮೂವರು ಹಳೆಯ ದಾಖಲೆಯನ್ನು ಮತ್ತೆ ಬಿಚ್ಚಿದರು. ಬೇರೆ ಕೇಂದ್ರಗಳ ಅದೇ ದಿನಗಳ ದಾಖಲೆ ಪಕ್ಕದಲ್ಲಿಟ್ಟು ತಾಳೆ ನೋಡಿದರು. ಅವರ ತೀರ್ಮಾನ: ಏರಿದ್ದು ಭೂಮಿಯ ಅಲೆಯಲ್ಲ, ಯಂತ್ರವೇ ಕೆಟ್ಟಿರುವ ಸಂಭವ ಹೆಚ್ಚು. ಅದೇ ವರ್ಷ ಕ್ಯಾಂಬೆಲ್ ಎಂಬ ಇನ್ನೊಬ್ಬರು ಬೇರೆ ದಾರಿ ಹಿಡಿದು, ಇದು ಭೂಮಿಯ ಕಾಂತಕ್ಷೇತ್ರದಲ್ಲಿ ಸಹಜವಾಗಿ ಆಗುವ ಗಲಾಟೆ, ಭೂಕಂಪದ ಮುನ್ಸೂಚನೆ ಅಲ್ಲ ಎಂದರು. ಇಬ್ಬರ ಕಾರಣ ಒಂದೇ ಅಲ್ಲ, ಗಮನಿಸಬೇಕು. ಆದರೆ ಭೂಕಂಪದ ಸಿಗ್ನಲ್ ಅಲ್ಲ ಎನ್ನುವಲ್ಲಿ ಇಬ್ಬರೂ ಒಂದೇ.

ಈ ಸಂಶೋಧನೆಯ ಇಡೀ ತಾಪತ್ರಯ ಇರುವುದೇ ಇಲ್ಲಿ. ಸೂರ್ಯನಲ್ಲಿ ಬಿರುಗಾಳಿ ಎದ್ದರೂ ಮುಳ್ಳು ಅಲ್ಲಾಡುತ್ತದೆ. ಸಿಡಿಲು ಹೊಡೆದರೂ ಅಲ್ಲಾಡುತ್ತದೆ. ರೈಲು ಓಡಿದರೂ ಸರಿ, ಪಕ್ಕದಲ್ಲಿ ಮೋಟಾರು ಪಂಪು ಹಾಕಿದರೂ ಸರಿ. ಅಷ್ಟೂ ಗದ್ದಲದ ನಡುವೆ ಬಂಡೆಯ ಪಿಸುಮಾತು ಯಾವುದು ಅಂತ ಹೇಗೆ ಹೇಳೋದು? ಸಂತೆಯ ನಡುವೆ ನಿಂತು ಆಚೆ ಬೀದಿಯ ಮಗುವಿನ ಅಳು ಗುರುತಿಸಿದ ಹಾಗೆ.

ಹಾಗಂತ ವಿಷಯ ಪೂರ್ತಿ ಪೊಳ್ಳಲ್ಲ. ಕಲ್ಲನ್ನು ಭಾರಿ ಒತ್ತಡದಲ್ಲಿಟ್ಟರೆ ವಿದ್ಯುತ್ತು ಹುಟ್ಟುತ್ತದೆ ಎಂದು ಪ್ರಯೋಗಶಾಲೆಯಲ್ಲಿ ತೋರಿಸಿದ್ದಾರೆ. ಅಮೆರಿಕದ ನಾಸಾ ಸಂಸ್ಥೆಯ ಕೇಂದ್ರದಲ್ಲಿ ಕೆಲಸ ಮಾಡಿದ ಫ್ರೀಡೆಮಾನ್ ಫ್ರಾಯಿಂಡ್ ಈ ವಾದವನ್ನು ವರ್ಷಗಟ್ಟಲೆ ಹಿಡಿದು ಕೂತವರು. ಜಪಾನಿನ ಮತ್ಸುಶಿರೋದಲ್ಲಿ 1960ರ ದಶಕದ ಸರಣಿ ಭೂಕಂಪದ ಕಾಲಕ್ಕೆ ಬೆಟ್ಟದ ಮೇಲೆ ಬೆಳಕು ಕಂಡಿದ್ದನ್ನು ಜನ ಫೋಟೋ ತೆಗೆದಿದ್ದಾರೆ. ಆದರೆ ಮೇಜಿನ ಮೇಲಿನ ಒಣಕಲ್ಲು ಬೇರೆ, ನೀರು ಜಿನುಗುವ, ಸಾವಿರ ಬಿರುಕಿನ, ಆಳದ ಬಂಡೆ ಬೇರೆ.

ನಿಜವಾದ ಪರೀಕ್ಷೆ ನಡೆದಿದ್ದು ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡಿನಲ್ಲಿ. ಅಲ್ಲಿ 1993ರೊಳಗೆ ಭೂಕಂಪ ಆಗಿಯೇ ತೀರುತ್ತದೆಂದು ಸರ್ಕಾರದ ವಿಜ್ಞಾನಿಗಳೇ ಲೆಕ್ಕ ಹಾಕಿ, ನೆಲದ ತುಂಬ ಯಂತ್ರ ನೆಟ್ಟು ಕಾದರು. ಬಂದಿದ್ದು 2004ರ ಸೆಪ್ಟೆಂಬರ್ 28ಕ್ಕೆ, ಹನ್ನೊಂದು ವರ್ಷ ತಡವಾಗಿ. ತೀವ್ರತೆ 6. ಯಂತ್ರಗಳೆಲ್ಲ ಕೆಲಸ ಮಾಡುತ್ತಿದ್ದವು. ಕಂಪಕ್ಕೆ ಮುಂಚೆ ಕಾಂತಕ್ಷೇತ್ರದಲ್ಲಿ ಇದೇ ಅನ್ನುವಂಥ ಸೂಚನೆ ಸಿಗಲಿಲ್ಲ.

ಗ್ರೀಸಿನದು ಇನ್ನೊಂದು ಜಗಳ. ಅಥೆನ್ಸಿನ ವಾರೋಟ್ಸೋಸ್ ಮತ್ತು ಇಬ್ಬರು ಜತೆಗಾರರು 1980ರ ದಶಕದಿಂದ ನೆಲದಲ್ಲಿ ತಂತಿ ಹೂತು, ಅದರಲ್ಲಿ ಹರಿಯುವ ಕರೆಂಟು ನೋಡಿ ಭೂಕಂಪ ಹೇಳುತ್ತೇವೆ ಎಂದರು. ಎಷ್ಟೋ ಸಲ ಸರಿಯಾಗಿದೆ ಎಂದು ಅವರ ಕಡೆಯವರು. ಇಷ್ಟು ದೊಡ್ಡ ಜಾಗ, ಇಷ್ಟೊಂದು ದಿನದ ವಾಯಿದೆ ಇಟ್ಟುಕೊಂಡರೆ ಗ್ರೀಸಿನಂಥ ದೇಶದಲ್ಲಿ ಯಾರು ಹೇಳಿದರೂ ಸರಿಯಾಗುತ್ತೆ ಎಂದು ಎದುರು ಕಡೆಯವರು. ಜೂನ್ ತಿಂಗಳಲ್ಲಿ ಮಲೆನಾಡಿನಲ್ಲಿ ಮಳೆ ಬರುತ್ತದೆ ಎಂದು ಭವಿಷ್ಯ ಹೇಳಿದರೆ ಯಾರಾದರೂ ದಕ್ಷಿಣೆ ಕೊಡುತ್ತಾರೆಯೆ?

ತಪ್ಪು ಭವಿಷ್ಯದ ಬೆಲೆ ಏನು ಅನ್ನುವುದನ್ನು ಇಟಲಿಯಲ್ಲಿ ನೋಡಬೇಕು. ಅಲ್ಲಿ ಅಲೆ ಅಲ್ಲ, ನೆಲದಿಂದ ಹೊರಬರುವ ರೇಡಾನ್ ಅನಿಲ. 2009ರ ಮಾರ್ಚಿನಲ್ಲಿ ಜುಲಿಯಾನಿ ಎಂಬ ತಂತ್ರಜ್ಞ ಅದನ್ನು ಅಳೆದು ಸುಲ್ಮೋನಾ ಊರಿಗೆ ಎಚ್ಚರಿಕೆ ಕೊಟ್ಟ. ಜನ ಗಾಬರಿಯಾದರು, ಏನೂ ಆಗಲಿಲ್ಲ. ಅಧಿಕಾರಿಗಳು ಅವನ ಬಾಯಿ ಮುಚ್ಚಿಸಿದರು. ಏಪ್ರಿಲ್ 6ರ ಬೆಳಗಿನ ಜಾವ ಬೇರೆ ಊರು ಲಾಕ್ವಿಲಾ ಕುಸಿದು 309 ಜನ ಸತ್ತರು. ಈಗ ಹೇಳಿ, ಅವನು ಹೇಳಿದ್ದು ಸರಿಯೋ ತಪ್ಪೋ? ಅವನ ಮಾತು ನಂಬಿ ಸುಲ್ಮೋನಾದವರನ್ನು ಲಾಕ್ವಿಲಾಗೆ ಸಾಗಿಸಿದ್ದರೆ?

ನಮ್ಮ ಕಡೆಗೂ ಇದು ದೂರದ ಮಾತಲ್ಲ. 1992ರಲ್ಲೇ ಲಾತೂರಿನ ಕಿಲ್ಲಾರಿಯಲ್ಲಿ ಸಣ್ಣ ಸಣ್ಣ ಕಂಪನ ಆಗಿ ಜನ ಹೆದರಿದ್ದರು. ಆಮೇಲೆ ನಿಂತಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಬಿಟ್ಟು ಬಂದು ಮಲಗಿದವರ ಮೇಲೆ ಕಲ್ಲುಮಣ್ಣಿನ ಗೋಡೆ ಬಿದ್ದು ಸುಮಾರು ಹತ್ತು ಸಾವಿರ ಜನ ಹೋದರು. ಆ ನೆನಪು ಗಡಿಯ ಈಚೆಗೂ ಇದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ನೆಲ ಮೇಲಿಂದ ಮೇಲೆ ಗುಡುಗಿದಾಗ ಜನ ಮನೆ ಬಿಟ್ಟು ಹೊರಗೆ ಮಲಗಿದ್ದು ಅದಕ್ಕೇ. ಅಲ್ಲಿ ದೊಡ್ಡದೇನೂ ಆಗಲಿಲ್ಲ. ಕಿಲ್ಲಾರಿಯಲ್ಲಿ ಆಯಿತು. ಎರಡಕ್ಕೂ ಆರಂಭ ಒಂದೇ ಥರ ಕಂಡಿತ್ತು.

ಹುಡುಕಾಟ ನಿಂತಿಲ್ಲ. ಚೀನ ಇದಕ್ಕೆಂದೇ 2018ರಲ್ಲಿ ಉಪಗ್ರಹ ಹಾರಿಸಿದೆ. ನಮ್ಮಲ್ಲೂ ಉತ್ತರಾಖಂಡದ ಘುಟ್ಟು ಎಂಬಲ್ಲಿ ವಾಡಿಯಾ ಸಂಸ್ಥೆಯವರು 2007ರಿಂದ ಕಾಂತಕ್ಷೇತ್ರ, ರೇಡಾನ್ ಎಲ್ಲವನ್ನೂ ಒಟ್ಟಿಗೆ ಅಳೆಯುತ್ತಿದ್ದಾರೆ.

ಸದ್ಯಕ್ಕೆ ಕೆಲಸಕ್ಕೆ ಬಂದಿರುವ ಎಚ್ಚರಿಕೆ ಮಾತ್ರ ಬೇರೆಯದು. ಭೂಕಂಪ ಶುರುವಾದ ಮೇಲೆ ಮೊದಲು ಬರುವುದು ವೇಗದ, ಅಷ್ಟೇನೂ ಹಾನಿ ಮಾಡದ ಅಲೆ. ಕಟ್ಟಡ ಕೆಡವುವ ಅಲೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಮೊದಲನೆಯದನ್ನು ಯಂತ್ರ ಹಿಡಿದು ತಂತಿಯಲ್ಲಿ ಸುದ್ದಿ ಮುಟ್ಟಿಸಿದರೆ ದೂರದ ಊರಿಗೆ ಕೆಲವು ಸೆಕೆಂಡು ಸಿಗುತ್ತದೆ. ಜಪಾನು 2007ರಿಂದ ಇದನ್ನು ಜನರಿಗೆ ಕೊಡುತ್ತಿದೆ. ಅಲ್ಲಿ ಬುಲೆಟ್ ರೈಲಿಗೆ ಬ್ರೇಕು ಬೀಳುವುದು ಈ ಲೆಕ್ಕದ ಮೇಲೆಯೇ. ಕಂಪದ ಕೇಂದ್ರಕ್ಕೆ ತೀರ ಹತ್ತಿರ ಇರುವವರಿಗೆ ಆ ಸೆಕೆಂಡೂ ಸಿಗುವುದಿಲ್ಲ. ಅವರನ್ನು ಕಾಯುವುದು ಗೋಡೆಗೆ ಹಾಕಿದ ಕಬ್ಬಿಣ, ಸಿಮೆಂಟು ಮಾತ್ರ.